ಅನುಬಂಧದಲ್ಲಿ ಉಳಿದ ಸಾಲು

ಹುಬ್ಬತಲೈ
12 ನವೆಂಬರ್ 2025

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಜ್ಯೂರಿಕ್‌ನ ಚಳಿಗೆ ನಿನ್ನ ಮೊಣಕಾಲು ಏನನ್ನುತ್ತದೆ? ನಾನು ಕ್ಷೇಮ. ಅವ್ವೆ ಹೋದಮೇಲೆ ಅಡುಗೆಯೂ ನನ್ನದೇ, ಹಾಗಾಗಿ ಹಸಿವು ಕಡಿಮೆ. ಪಕ್ಕದ ಮನೆಯ ಇಂದ್ರಾಣಿ ಮಾಮಿ ದಿನಾ ಬೇಲಿಯಾಚೆಯಿಂದ, "ಸಿಂಧು ಫೋನ್ ಮಾಡಿದಳಾ?" ಎನ್ನುತ್ತಾಳೆ. ಕೆಲಸ ಜಾಸ್ತಿಯಂತೆ ಎಂದರೆ, "ಕೆಲಸ ಕೈಗಲ್ಲವಾ, ಬಾಯಿಗೇನಾಗಿದೆ?" ಎಂದು ಒಳಗೆ ಹೋಗುತ್ತಾಳೆ. ಈ ವಾರ ಊರಿಗೆ ಕರಡಿ ಬಂದಿದೆ; ಚಹಾ ತೋಟಕ್ಕೆ ಯಾರೂ ಒಬ್ಬರೇ ಇಳಿಯುವುದಿಲ್ಲ. ನನಗೆ ಕರಡಿಯ ಭಯವಿಲ್ಲ, ಕರಡೇ ಸಾಕಾಗಿದೆ.

ಹೌದು, ನಿನ್ನ ಕರಡೇ. ಎರಡು ಕಂಪ್ಯೂಟರ್‌ಗಳು ಮೂರನೆಯವನ ಕಿವಿಗೆ ಬೀಳದಂತೆ ಹೇಗೆ ಮಾತಾಡಬೇಕೆಂದು ನೀನು ಸಂಪಾದಿಸಿ, ಯಾರು ಬೇಕಾದರೂ ತಪ್ಪು ತೋರಿಸಲೆಂದು ಲೋಕಕ್ಕೆಲ್ಲ ತೆರೆದಿಟ್ಟ ಆ ನಿಯಮಾವಳಿ. ಅದರಲ್ಲಿ ಹಳೆಯ ಆವೃತ್ತಿಯ ಮಾತು ಹೊಸದರೊಳಗೆ ಉಳಿದುಕೊಂಡ ಕಡೆಯಲ್ಲೆಲ್ಲ ಬೆರಳಿಟ್ಟು ನಿನಗೆ ಬರೆಯುವ ಎನ್. ಸಂತೋಷ್‌ಕುಮಾರ್ ನಾನೇ. ನಿನಗೆ ಹೊಳೆದಿರಲಿಕ್ಕಿಲ್ಲ. ಮನೆಯಲ್ಲಿ ನಾನು ಸುಬ್ಬ, ಮತ್ತು ಕೂನೂರಿನಲ್ಲಿ ಸಂತೋಷ್‌ಕುಮಾರ್ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ತಮ್ಮನ ಫೋನಿಗೆ "ಆಮೇಲೆ ಮಾತಾಡ್ತೀನಿ, ಸುಬ್ಬಾ" ಎನ್ನುವ ನೀನು ಈ ಅಪರಿಚಿತನಿಗೆ ಅದೇ ದಿನ ಉತ್ತರಿಸುತ್ತೀಯ: ಮಾನ್ಯರೇ, ನಿಮ್ಮ ಸೂಕ್ಷ್ಮ ಓದಿಗೆ ಕೃತಜ್ಞತೆಗಳು. ಸಂಪಾದಕಿ ನೀನು, ಸಂಪಾದನೆ ನನ್ನದು. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ನಿನ್ನ ಆ ಉತ್ತರವನ್ನು ಓದುತ್ತಾ ಊಟ ಮಾಡುತ್ತೇನೆ.

ಶುಕ್ರವಾರ ಆಕ್ಷೇಪಣೆಗೆ ಕೊನೆಯ ದಿನ. ಕರಡಿನಲ್ಲಿ ಒಂದೇ ತಪ್ಪು ಉಳಿದಿದೆ. ಎದುರಿನವರಿಗೆ ಹೊಸ ಆವೃತ್ತಿ ಬಾರದಿದ್ದರೆ ಸಂಪರ್ಕ ಕಡಿಯಿರಿ ಎಂದು ಮೊದಲ ಅಧ್ಯಾಯ ಹೇಳುತ್ತದೆ. ಆದರೆ ಸುಲಭವಾಗಿ ಮುರಿಯಬಹುದಾದ ಹಳೆಯದಕ್ಕೇ ಇಳಿದು ಮಾತು ಮುಂದುವರಿಸಿ ಎಂಬ ಸಾಲು ಅನುಬಂಧದಲ್ಲಿ ಹಾಗೇ ಕೂತಿದೆ. ಅದು ಇದ್ದರೆ ಕಳ್ಳನೊಬ್ಬ ನಡುವೆ ನಿಂತು ಇಬ್ಬರನ್ನೂ ಹಳೆಯದಕ್ಕೆ ಎಳೆಯಬಹುದು. ನಾನು ಹೇಳಿದರೆ ಕೊನೆಯದೊಂದು ಕೃತಜ್ಞತೆ ಬರುತ್ತದೆ, ಆಮೇಲೆ ನಿನಗೆ ಬರೆಯಲು ನನಗೆ ನೆಪವಿಲ್ಲ. ಹೇಳದಿದ್ದರೆ ಲೋಕದ ಬೀಗಕ್ಕೆಲ್ಲ ಒಂದು ತೂತು. ಭಾನುವಾರದಿಂದ ಆ ತಪ್ಪನ್ನು ಬಚ್ಚಿಟ್ಟುಕೊಂಡು ಕೂತಿದ್ದೇನೆ. ಮನೆಯಲ್ಲಿ ಜೊತೆಗೆ ಅದಾದರೂ ಇದೆ.

ಭಾವನನ್ನು ಕೇಳಿದೆನೆಂದು ಹೇಳು. ನಮ್ಮ ಪದ್ಧತಿಯಂತೆ ಕಿರಿಯವನಾದ ನಾನು ತಲೆ ಬಗ್ಗಿಸಿದ್ದೇನೆ. ಹಿರಿಯಳು ನೀನು, ಅಲ್ಲಿಂದಲೇ ಕೈಯಿಟ್ಟು ಹರಸು.

ನಿನ್ನ ತಮ್ಮ,
ಸುಬ್ಬ

ತಾ.ಕ.: ಆಕ್ಷೇಪಣೆಯನ್ನು ಈಗಷ್ಟೇ ಕಳಿಸಿಬಿಟ್ಟೆ. ಆ ಸಾಲು ಅಳಿಸು, ಅದೇ ಸರಿ. ಇನ್ನು ನನ್ನ ಹತ್ತಿರ ಯಾವ ತಪ್ಪೂ ಉಳಿದಿಲ್ಲ. ಸುಮ್ಮನೆ ಒಂದು ಫೋನ್ ಮಾಡು.