ಫೋನಿನ ಪಕ್ಕದ ಕ್ಯಾಲೆಂಡರ್‌ಗಳು

ಮಾರ್ಚ್ 3, ಗುರುವಾರ. ಬೆಳಿಗ್ಗೆ 7:30
“ಲೊರೇನ್ ಈಡಿತ್ ಹ್ಯಾಸ್ಕೆಲ್ ಎಂಬ ನಾನು ಈ ಊರಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಶಿಕ್ಷಕಿಯಾಗಿ ಸೇವೆ ಸಲ್ಲಿಸಿದ್ದೇನೆ.” ಪತ್ರದ ಮೊದಲ ವಾಕ್ಯ. ಮೂರು ಬಾರಿ ತಿದ್ದಿದ್ದಾಯಿತು. ಕಾಫಿ ಆರಿತು.

ನಿನ್ನೆ ಮಗಳು ಮಾರ್ಸಿ ಫೋನ್ ಮಾಡಿದ್ದಳು. ಅವಳ ಅಪ್ಪ ವೆಂಡೆಲ್‌ಗೆ ಶ್ವಾಸಕೋಶದ ಕ್ಯಾನ್ಸರ್. ಈ ಊರಿನ ನಿವೃತ್ತ ಫೈರ್ ಚೀಫ್, ಅಗ್ನಿಶಾಮಕ ದಳದ ಮುಖ್ಯಸ್ಥ. ಹದಿನೇಳು ವರ್ಷ ನನ್ನ ಗಂಡನಾಗಿದ್ದವನು. ವಿಚ್ಛೇದನವಾಗಿ ಇಪ್ಪತ್ತೆಂಟು ವರ್ಷ. ರೋಗ ಕರ್ತವ್ಯದಿಂದ ಬಂದದ್ದೆಂದು ದಳದ ಪರಿಹಾರ ಮಂಡಳಿ ಒಪ್ಪಿದರೆ ಅವರ ಖರ್ಚಿನಲ್ಲೇ ದೊಡ್ಡ ಆಸ್ಪತ್ರೆಯ ಚಿಕಿತ್ಸೆ. ಯಾವ ಯಾವ ಬೆಂಕಿಯ ಹೊಗೆ ಕುಡಿದ ಎಂಬುದಕ್ಕೆ ಪುರಾವೆ ಬೇಕು. ಸ್ಟೇಷನ್ನಿನ ನೆಲಮಾಳಿಗೆಗೆ ನೀರು ನುಗ್ಗಿ ಹಳೆಯ ದಾಖಲೆ ಪುಸ್ತಕಗಳೆಲ್ಲ ಮುದ್ದೆಯಾಗಿವೆ.

“ಅಮ್ಮ, ನೀನು ಫೋನಿನ ಪಕ್ಕದ ಕ್ಯಾಲೆಂಡರ್ ಮೇಲೆ ಬರೆದಿಡ್ತಿದ್ದೆಯಲ್ಲ?”

ಹೌದು. ಬರೆದಿಡುತ್ತಿದ್ದೆ.

ಮಾರ್ಚ್ 5
ಹದಿನೇಳು ಕ್ಯಾಲೆಂಡರೂ ಸಿಕ್ಕವು. ಸೈರನ್ ಕೂಗಿದಾಗಲೆಲ್ಲ ಒಂದು ಸಾಲು. 1979, ಜೂನ್ 12: “ಟೈರ್ ಗೋದಾಮು. ಹೋದದ್ದು 2:15. ಬಂದದ್ದು 9:40. ಕೋಟು ಕಪ್ಪು. ತೊಳೆದೆ. ಜಗಳ.”

ಮಸಿ ಮೆತ್ತಿದ ಕೋಟೇ ದಳದವರಿಗೆಲ್ಲ ಪದಕ. ಶುಭ್ರವಾದ ಕೋಟು ತೊಟ್ಟು ಹೋದವನನ್ನು ಸ್ಟೇಷನ್ನಿನಲ್ಲಿ “ಏನಪ್ಪಾ, ಇವತ್ತೇ ಕೆಲಸಕ್ಕೆ ಸೇರಿದ್ಯಾ?” ಎಂದು ಕಾಡಿದ್ದರು. ವಾರವಿಡೀ ನನ್ನೊಡನೆ ಮಾತು ಬಿಟ್ಟ. ನಾನು ತೊಳೆಯುವುದನ್ನು ಬಿಡಲಿಲ್ಲ.

ಬೇರೆ ಸಾಲುಗಳೂ ಇವೆ. “ಮಾರ್ಸಿಯ ಹುಟ್ಟುಹಬ್ಬ. ಊರಿನ ಬೆಂಕಿಯೆಲ್ಲ ಆರಿಸುವವನು ಆರು ಮೇಣದಬತ್ತಿಗೆ ಬರಲಿಲ್ಲ.” ಇನ್ನು ಕೆಲವನ್ನು ಇಲ್ಲಿ ನಕಲು ಮಾಡಲೂ ನಾಚಿಕೆ... ವಿಚ್ಛೇದನದ ವಕೀಲರಿಗೆ ತೋರಿಸಲೆಂದು ಬರೆದದ್ದು.

ಮಾರ್ಚ್ 8
ಮಂಡಳಿಗೆ ಫೋನ್ ಮಾಡಿದೆ. ಬೇಕಾದಷ್ಟನ್ನೇ ಬೇರೆ ಹಾಳೆಯಲ್ಲಿ ಬರೆದು ಕೊಡಬಹುದೇ?

“ಆಗಲ್ಲ ಮೇಡಂ. ಮೂಲಾನೇ ಬೇಕು. ಏನನ್ನೂ ಹೊಡೆದುಹಾಕಬೇಡಿ.”

ಅಂದರೆ ಅಪರಿಚಿತರು ನನ್ನ ಆ ಬೈಗುಳವನ್ನೆಲ್ಲ ಓದಬೇಕು. ಈ ಊರಿನ ಎರಡು ಪೀಳಿಗೆಗೆ ಸಭ್ಯ ಭಾಷೆ ಕಲಿಸಿದವಳು ನಾನು.

ಮಾರ್ಚ್ 14. ಮಧ್ಯಾಹ್ನ
ಮಾರ್ಸಿ ಅಪ್ಪನನ್ನು ಕರೆತಂದಳು. ಅರ್ಧಕ್ಕರ್ಧ ಇಳಿದಿದ್ದಾನೆ. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಒಂದೊಂದೇ ಹಾಳೆ ತಿರುವಿದ.

“ಟೀಚರಮ್ಮ, ಚೆನ್ನಾಗೇ ಉಗಿದಿದ್ದೀಯ ನನಗೆ.”

“ಅದಕ್ಕೇ ಕಳಿಸಲೋ ಬೇಡವೋ ಅಂತ ನೋಡ್ತಿದ್ದೀನಿ.”

“ಕಳಿಸು. ಒಂದಾದ್ರೂ ಸುಳ್ಳಿದೆಯಾ ಇದರಲ್ಲಿ?” ಕೆಮ್ಮಿ ಸುಧಾರಿಸಿಕೊಂಡ. “ಆಗಿನ ಹುಡುಗರಲ್ಲಿ ಅರ್ಧ ಜನ ಅರವತ್ತು ದಾಟಲಿಲ್ಲ, ಲೊರೇನ್. ಆ ಮಸಿಯೇ ವಿಷವಂತೆ. ನಂಗೆ ಎಪ್ಪತ್ತೊಂದು. ನೀನು ಆ ಕೋಟು ತೊಳೆದದ್ದಕ್ಕೇ ಇರಬೇಕು. ಥ್ಯಾಂಕ್ಸ್... ತಡವಾಯ್ತು.”

“ಮೂವತ್ತೇಳು ವರ್ಷ ತಡ.”

“ಬೆಂಚಿನ ಮೇಲೆ ನಿಂತ್ಕೊಳ್ಲಾ?”

ನಕ್ಕೆವು. ಮಾರ್ಸಿ ನಗಲಿಲ್ಲ, ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತಿದ್ದಳು. “ಅಮ್ಮ, ಅಪ್ಪ ‘ಬಂದದ್ದು’ ಎಷ್ಟು ಹೊತ್ತಿಗೆ ಅಂತ ಒಂದು ಕಡೆಯೂ ಬಿಟ್ಟಿಲ್ಲ ನೀನು.”

ಅವರು ಹೊರಟ ಮೇಲೆ ಎಲ್ಲವನ್ನೂ ಪರಿಶೀಲಿಸಿದೆ. ಆರುನೂರ ಹನ್ನೆರಡು ಬಾರಿ ಹೋಗಿದ್ದಾನೆ. ಆರುನೂರ ಹನ್ನೆರಡು ಬಾರಿ ಬಂದಿದ್ದಾನೆ. ಹದಿನೇಳು ವರ್ಷ ಹೋದದ್ದನ್ನಷ್ಟೇ ಓದಿಕೊಂಡೆ. ಬಂದದ್ದಕ್ಕೆ ದೇವರಿಗೆ ಒಮ್ಮೆಯೂ ಕೃತಜ್ಞತೆ ಸಲ್ಲಿಸಿರಲಿಲ್ಲ. ಇಂದು ಸಲ್ಲಿಸಿದೆ, ಸಿಂಕಿನ ಮುಂದೆ ನಿಂತು, ಗಟ್ಟಿಯಾಗಿ.

ಒಂದು ಸಾಲನ್ನೂ ಅಳಿಸುವುದಿಲ್ಲ.

ಮಾರ್ಚ್ 16. ಬೆಳಿಗ್ಗೆ 10
ಪತ್ರ ಮುಗಿಯಿತು. ಅಂಚೆಗೆ ಹಾಕುವ ಮುನ್ನ ಲಗತ್ತುಗಳನ್ನು ಮತ್ತೊಮ್ಮೆ ನೋಡುತ್ತಿದ್ದೇನೆ.

1. ಗೋಡೆ ಕ್ಯಾಲೆಂಡರ್‌ಗಳು, 1971ರಿಂದ 1987. ಮೂಲ.
2. ಕೈಬರಹ ನನ್ನದೇ ಎಂಬ ಪ್ರಮಾಣಪತ್ರ.
3. ವೈದ್ಯರ ವರದಿ.
4. ವೆಂಡೆಲ್‌ನ ಹೇಳಿಕೆ, ಒಂದು ಪುಟ. “ಇದನ್ನೆಲ್ಲ ಬರೆದಿಟ್ಟವಳು ನನ್ನ ಹೆಂಡತಿ” ಎಂದಿದೆ. ‘ಮಾಜಿ’ ಎಂದು ಸೇರಿಸಲು ಪೆನ್ನು ಎತ್ತಿದೆ. ಎತ್ತಿದ ಪೆನ್ನನ್ನು ಹಾಗೇ ಕೆಳಗಿಟ್ಟೆ.