ಸೀಟಿಗೋಸ್ಕರ ಹೇಳಿದ ಸುಳ್ಳು

ಇಸ್ತಾಂಬುಲ್, ಬಾಜಿಲಾರ್
ಫೆಬ್ರವರಿ ೧೧, ಮಂಗಳವಾರ

ಮುದ್ದು ಮಗನೇ ಕೊರಾಯ್,

ಹೇಗಿದ್ದೀಯೋ? ಮೊದಲು ಅದನ್ನ ಹೇಳು. ಕೆಮ್ಮು ನಿಂತಿತಾ? ಕಾಲ್ಬೆರಳು ಮರಗಟ್ಟಿದೆ ಅಂದಿದ್ದೆಯಲ್ಲ, ಸರಿಹೋಯ್ತಾ? ನಾನು ಕಳಿಸಿದ ಉಣ್ಣೆ ಕಾಲುಚೀಲ ಎರಡು ಜೊತೆನೂ ಒಂದರ ಮೇಲೊಂದು ಹಾಕ್ಕೋ, ನಿಮ್ಮ ಸೈನ್ಯದ ಮೇಲಿನೋರು ಬೈದರೆ ಬೈಕೊಳ್ಲಿ, ಬೆರಳು ಉದುರಿದರೆ ಅವರೇನು ಹೊಸದು ತಂದು ಅಂಟಿಸ್ತಾರಾ? ಟಿವಿಯಲ್ಲಿ ನೀನಿರೋ ಅರ್ದಹಾನಿನ ಚಳಿ ತೋರಿಸಿದಾಗಲೆಲ್ಲ ಎದ್ದು ಟಿವಿ ಆರಿಸಿಬಿಡ್ತೀನಿ. ನಾನು ಚೆನ್ನಾಗಿದ್ದೀನಿ. ಮಂಡಿ ಅದರ ಪಾಡಿಗೆ ಅದು ನೋಯ್ತಿದೆ, ಹೊಲಿಗೆ ಕೆಲಸ ಕೈತುಂಬ ಇದೆ. ಮೇಲಿನ ಮನೆಯೋರು ಇನ್ನೂ ನನ್ನ ಒಣಗಿದ ಬಟ್ಟೆ ಮೇಲೇನೇ ಕಂಬಳಿ ಕೊಡವ್ತಾರೆ. ಅವರಿಗೆ ಈ ಜನ್ಮದಲ್ಲಿ ಬುದ್ಧಿ ಬರಲ್ಲ.

ಮೊನ್ನೆ ಭಾನುವಾರ ನೀನು ಫೋನ್ ಮಾಡಿ, ಒಂದು ವಾರದಿಂದ ಯೆಲಿಜ್ ಯಾಕೆ ಫೋನ್ ಎತ್ತುತ್ತಿಲ್ಲ ಅಂತ ಕೇಳಿದೆ. ಅವಳಿಗೆ ಗಂಟಲು ಕಟ್ಟಿದೆ ಅಂದೆ. ಅವಳ ಗಂಟಲಿಗೆ ಏನೂ ಆಗಿಲ್ಲ ಕಣೋ. ನಿನ್ನ ಬೆನ್ನ ಹಿಂದೆ ಫೋನಿಗೆ ಸಾಲು ನಿಂತ ಹುಡುಗರು ನಗೋದು ನನಗೆ ಕೇಳಿಸ್ತಿತ್ತು, ಅಷ್ಟು ಜನರ ನಡುವೆ ನಿನಗೆ ಹೇಗೆ ಹೇಳಲಿ? ಅದಕ್ಕೇ ಬರೀತಿದ್ದೀನಿ. ಇದು ನಿನ್ನ ನಿಶ್ಚಿತಾರ್ಥದ ಮಾತು, ಅದು ಉಳಿಯುತ್ತೋ ಮುರಿಯುತ್ತೋ ಅನ್ನೋ ಮಾತು. ಎಲ್ಲಾದರೂ ಒಬ್ಬನೇ ಕೂತು ಓದು.

ಹೊಸ ವರ್ಷದ ದಿನ ನೀನೇ ತಾನೇ ಹೇಳಿದ್ದು? "ಅಮ್ಮಾ, ಯೆಲಿಜ್‌ಗೆ ಉಲುದಾಗ್ ಬೆಟ್ಟದ ಹಿಮ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ನಾನಂತೂ ಇಲ್ಲಿ ಸಿಕ್ಕಿಹಾಕ್ಕೊಂಡೆ, ನೀವೇ ಒಂದಿನ ಕರ್ಕೊಂಡು ಹೋಗಿ." ಮಗ ಅಲ್ಲಿ ಹಿಮದಲ್ಲಿ ಬಂದೂಕು ಹಿಡಿದು ಕಾವಲು ನಿಂತಿರುವಾಗ ನಾವು ಇಲ್ಲಿಂದ ದುಡ್ಡು ಕೊಟ್ಟು ಹಿಮದಲ್ಲಿ ಆಡೋಕೆ ಹೋಗೋದಾ ಅಂತ ನನಗೆ ಮನಸ್ಸೇ ಇರಲಿಲ್ಲ. ಆದರೂ ಹುಡುಗ ಸೈನ್ಯಕ್ಕೆ ಹೋದ ಮೇಲೆ ಗಂಡಿನ ಕಡೆಯೋರು ಹುಡುಗಿ ಕಡೆ ತಿರುಗಿಯೂ ನೋಡಲಿಲ್ಲ ಅಂತ ಬೀದಿ ಜನ ಆಡಿಕೊಳ್ಳಬಾರದಲ್ಲ. ಹಾಗಾಗಿ ಒಪ್ಪಿದೆ. ಜೊತೆಗೆ ಅವಳ ಚಿಕ್ಕಮ್ಮ ಮುಕದ್ದೆಸ್ ಬರ್ತೀನಿ ಅಂದಳು, ಹುಡುಗಿ ಮೇಲೆ ಕಣ್ಣಿಡೋಕಂತೆ. ಆ ಮಹಾತಾಯಿ ಕಣ್ಣಿಟ್ಟ ಚಂದ ಮುಂದೆ ಹೇಳ್ತೀನಿ. ಟಿಕೆಟ್ಟಿಗೆ ನಿನ್ನ ತಮ್ಮ ತೋಲ್ಗಾನನ್ನ ಕಳಿಸಿದೆ. ತಾನಾಗೇ ಓಡಿದ. ತಿಂಗಳುಗಟ್ಟಲೆ ಒಂದು ಬ್ರೆಡ್ಡು ತಾ ಅಂದ್ರೂ ಕಿವಿ ಕೇಳಿಸದೋನು ಅವತ್ತು ಚಪ್ಪಲಿ ಮೆಟ್ಟೋ ಮುಂಚೇನೇ ಬಾಗಿಲು ದಾಟಿದ್ದ.

ಒಂದನೇ ತಾರೀಕು, ಶನಿವಾರ, ಬೆಳಕು ಹರಿಯೋ ಮುಂಚೆ ಮಸೀದಿ ಮುಂದೆ ಬಸ್ಸು ಬಂತು. ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ ಸೀಟು. ನನಗೆ ಮುಂದೆ ಒಂಟಿ ಸೀಟು, ಮುಕದ್ದೆಸ್‌ಗೆ ನನ್ನ ಹಿಂದೆ ಇನ್ನೊಂದು. ನಾನು ನೋಡ್ತೀನಿ, ಪಕ್ಕದ ಜೋಡಿ ಸೀಟಲ್ಲಿ ಕಿಟಕಿ ಕಡೆ ಯೆಲಿಜ್, ಈ ಕಡೆ ತೋಲ್ಗಾ! ಗೊತ್ತಲ್ಲ ನಿನಗೆ, ನಮ್ಮ ಬಸ್ಸಿನೋರು ಹೆಂಗಸಿನ ಪಕ್ಕ ಪರಗಂಡಸನ್ನ ಕೂರಿಸಿದರೆ ಆಕಾಶ ಕಳಚಿ ಬೀಳುತ್ತೆ ಅಂತಾರೆ. "ಇದು ಹೇಗೋ?" ಅಂದೆ. ಬಗ್ಗಿ ಕಿವಿಯಲ್ಲಿ ಹೇಳಿದ: "ಉಳಿದಿದ್ದೇ ಇಷ್ಟು ಅಮ್ಮಾ. ನಿನಗೆ ಕಾಲು ಚಾಚೋಕೆ ಒಂಟಿ ಸೀಟೇ ಆಗಬೇಕು, ಇವಳ ಚಿಕ್ಕಮ್ಮನಿಗೂ ನಿದ್ದೆ ಮಾಡೋಕೆ ಒಂಟಿ ಸೀಟೇ ಬೇಕಂತೆ. ಅಣ್ಣನಿಗೆ ನಿಶ್ಚಯವಾದ ಹುಡುಗಿ ಅಂದಿದ್ರೆ ಈ ಜೋಡಿ ಸೀಟು ಕೊಡ್ತಿರಲಿಲ್ಲ. ನನ್ನ ಹೆಂಡತಿ ಅಂದ್ಬಿಟ್ಟೆ. ಸೀಟಿಗೋಸ್ಕರ!" ಯೆಲಿಜ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮುಕದ್ದೆಸ್ ಹಿಂದಿನಿಂದ "ಒಳ್ಳೇ ಚಾಲಾಕಿ ಹುಡುಗ" ಅಂದಳು. ನಾನೂ ನಕ್ಕೆ. ಈ ಊರಲ್ಲಿ ಬಸ್ಸು ಹತ್ತೋರಲ್ಲಿ ಯಾರು ಹೇಳಲ್ಲ ಅಂಥ ಸುಳ್ಳನ್ನ? ಆದರೆ ಹತ್ತು ದಿನದಿಂದ ಒಂದೇ ಮಾತು ನನ್ನ ತಲೆ ತಿಂತಿದೆ. ತಂಗಿ ಅನ್ನಬಹುದಿತ್ತಲ್ಲ? ಅವನ ಬಾಯಿಗೆ ತಂಗಿ ಅನ್ನೋ ಮಾತು ಯಾಕೆ ಬರಲಿಲ್ಲ?

ಕೊಲ್ಲಿ ದಾಟೋಕೆ ಬಸ್ಸು ಹಡಗು ಹತ್ತಿತು. ಚಹಾ ಕುಡಿದ್ವಿ, ಎಳ್ಳು ಮೆತ್ತಿದ ಸಿಮಿತ್ ಬ್ರೆಡ್ಡು ತಿಂದ್ವಿ, ಅರ್ಧ ಸಿಮಿತ್ ಕಡಲಹಕ್ಕಿಗಳ ಪಾಲಾಯ್ತು. ಅಲ್ಲೀವರೆಗೆ ಎಲ್ಲ ಚೆನ್ನಾಗೇ ಇತ್ತು. ಆ ಕಡೆ ದಡ ಮುಟ್ಟಿದ್ದೇ ಗೈಡ್ ರಿದ್ವಾನ್ ಅನ್ನೋ ಹುಡುಗ ಮೈಕ್ ಹಿಡ್ಕೊಂಡು ಎದ್ದ. ಕೂದಲಿಗೆ ಒಂದು ಡಬ್ಬಿ ಎಣ್ಣೆ ಸುರಿದುಕೊಂಡಿದ್ದ. ಎಲ್ಲರೂ ಪರಿಚಯ ಹೇಳ್ಬೇಕಂತೆ. "ನಮ್ಮ ಬಸ್ಸಲ್ಲಿ ಒಂದು ಜೋಡಿ ಇದೆ, ಯೆಲಿಜ್ ಮೇಡಂ, ತೋಲ್ಗಾ ಸಾರ್! ಯಾವಾಗ ಆಯ್ತು ಮದುವೆ?" ಅಂತ ಮೈಕ್ ನಿನ್ನ ತಮ್ಮನ ಬಾಯಿಗೆ ಹಿಡಿದ. ತಡವರಿಸ್ತಾನೆ ಅಂದ್ಕೊಂಡೆ. ಎಲ್ಲಿ? "ಈಗಷ್ಟೇ" ಅಂದ. ಬಸ್ಸೆಲ್ಲ ಚಪ್ಪಾಳೆ. ನನ್ನನ್ನ ತೋರಿಸಿ ಅತ್ತೆಮ್ಮ ಅಂತ ಇನ್ನೊಂದು ಚಪ್ಪಾಳೆ. ಬಸ್ಸಿನ ಹುಡುಗ ಕೈಗೆ ಘಮಘಮ ಕೊಲೋನು ನೀರು ಸುರಿಯೋಕೆ ಬಂದೋನು ಅವರಿಬ್ಬರಿಗೆ ಎರಡೆರಡು ಸಲ ಸುರಿದ. ನಾನು ಏನು ಮಾಡ್ಲಿ, ಎದ್ದು ನಿಂತು ಇದು ಸುಳ್ಳು, ಸೀಟಿಗೋಸ್ಕರ ಹೇಳಿದ್ದು ಅಂತ ಕೂಗ್ಲಾ? ಹಲ್ಲು ಕಿಸ್ಕೊಂಡು ಕೂತೆ.

ಆಮೇಲೆ ಬುರ್ಸಾ ಊರು ದಾಟಿ ಬೆಟ್ಟ ಹತ್ತೋವಾಗ, ಅವರ ಮುಂದಿನ ಸೀಟಲ್ಲಿದ್ದ ಒಬ್ಬಳು ಹೆಂಗಸು, ತುಪ್ಪಳದ ಕಾಲರಿನೋಳು, ಊರ ಉಸಾಬರಿಯೆಲ್ಲ ತನಗೇ ಬೇಕು ಅನ್ನೋಳು, ಹಿಂದೆ ತಿರುಗಿ ಯೆಲಿಜ್ ಕೈ ನೋಡಿದಳು. "ಏನಮ್ಮಾ, ಮದುವೆ ಆಯ್ತು ಅಂತೀಯ, ಉಂಗುರ ಇನ್ನೂ ಬಲಗೈಲೇ ಇದೆಯಲ್ಲ? ನಿಶ್ಚಿತಾರ್ಥದೋಳ ಥರ!" ಮರೆತೆ ಅನ್ನಬಹುದಿತ್ತು, ಎಡಬೆರಳು ಊದಿದೆ ಅನ್ನಬಹುದಿತ್ತು, ಹೆಣ್ಣುಮಕ್ಕಳಿಗೆ ನೆಪ ಹೇಳಿಕೊಡಬೇಕಾ? ಯೆಲಿಜ್ ಒಂದು ಕ್ಷಣ ತೋಲ್ಗಾ ಮುಖ ನೋಡಿದಳು. ಮೆಲ್ಲಗೆ ಉಂಗುರ ಬಿಚ್ಚಿ ಎಡಗೈ ಬೆರಳಿಗೆ ಹಾಕ್ಕೊಂಡಳು. ನಿನ್ನ ಉಂಗುರ ಕಣೋ! ನಿಮ್ಮಿಬ್ಬರ ಉಂಗುರ ಸೇರಿಸಿ ಕೆಂಪು ರಿಬ್ಬನ್ ಕಟ್ಟಿ, ಆ ರಿಬ್ಬನ್‌ಗೆ ನಿನ್ನ ದೊಡ್ಡಪ್ಪನ ಕೈಲಿ ಕತ್ತರಿ ಹಾಕಿಸಿ ನಾವೆಲ್ಲ ಹರಸಿದ ಉಂಗುರ. ನಿಕಾಹ್ ದಿನ ನಿನ್ನ ಕೈಯಾರೆ ಎಡಗೈಗೆ ಹಾಕಬೇಕಾಗಿದ್ದನ್ನ ನಿನ್ನ ತಮ್ಮನ ಪಕ್ಕದಲ್ಲಿ ಕೂತು, ನನ್ನ ಕಣ್ಣೆದುರಿಗೇ, ತಾನೇ ಹಾಕ್ಕೊಂಡಳು. ಅವನು ಬೇಡ ಅನ್ನಲಿಲ್ಲ. ಹಿಂದೆ ತಿರುಗಿ ನೋಡಿದರೆ ಮುಕದ್ದೆಸ್ ಬಾಯಿ ತೆರ್ಕೊಂಡು ಗೊರಕೆ ಹೊಡೀತಿದ್ದಳು. ಕಣ್ಣಿಡೋಕೆ ಬಂದೋಳು!

ಮೇಲೆ ಹಿಮ ಇತ್ತು. ಚೆನ್ನಾಗೂ ಇತ್ತು, ಇಲ್ಲ ಅನ್ನಲ್ಲ. ಬಾಡಿಗೆಗೆ ಕೊಟ್ಟ ಬೂಟು ಯಾವನೋ ಬೆವರಿದ್ದು, ಒಳಗೆಲ್ಲ ಒದ್ದೆ. ಸುಜುಕ್ ಮಾಂಸ ಸುಟ್ಟು ಬ್ರೆಡ್ಡಲ್ಲಿಟ್ಟು ಕೊಟ್ಟರು, ಅರ್ಧ ಕರಕಲು. ಎದ್ದ ಮುಕದ್ದೆಸ್ ಎರಡು ತಿಂದಳು. ಡೋಲು, ಸುರ್ನಾಯಿ ಊದೋರು ಬಂದದ್ದೇ ರಿದ್ವಾನ್‌ಗೆ ಮೈಮೇಲೆ ದೇವರು ಬಂದಂತಾಯ್ತು. "ಹೊಸ ಜೋಡಿ ಮುಂದೆ ಬನ್ನಿ! ಕುಣಿತದ ಸಾಲು ನೀವೇ ಎಳೀಬೇಕು!" ಅಂದ. ಇಬ್ಬರೂ ಕಿರುಬೆರಳಿಗೆ ಕಿರುಬೆರಳು ಸೇರಿಸಿ ಮುಂದೆ, ಹಿಂದೆ ಇಡೀ ಬಸ್ಸು. ಕುಣಿಯೋದ್ರಲ್ಲಿ ತಪ್ಪೇನಿಲ್ಲ, ಮೈದುನ ಅತ್ತಿಗೆ ಮದುವೆ ಮನೇಲಿ ಕುಣಿಯಲ್ವಾ? ನಾನು ನೋಡಿದ್ದು ಅವರ ಕಾಲನ್ನಲ್ಲ. ನಿನ್ನ ನಿಶ್ಚಿತಾರ್ಥದ ದಿನ ಯೆಲಿಜ್ ತಲೆ ಬಗ್ಗಿಸಿ ಮೆಲ್ಲಗೆ ನಕ್ಕಿದ್ದು ನನಗೆ ನೆನಪಿದೆ, ನಾಚಿಕೆ ಅಂದ್ಕೊಂಡಿದ್ದೆ. ಇಲ್ಲಿ ಬೆಟ್ಟದ ಮೇಲೆ ತಲೆ ಎತ್ತಿ ನಗ್ತಿದ್ದಳು, ಹಲ್ಲೆಲ್ಲ ಕಾಣೋ ಹಾಗೆ. ಅವನಂತೂ ಅವಳನ್ನ ಬಿಟ್ಟು ಬೇರೇನೂ ನೋಡ್ತಿರಲಿಲ್ಲ. ಡೋಲು ನಿಂತಿತು, ಜನ ಚದುರಿದರು, ತುಪ್ಪಳದೋಳು ಚಹಾ ಕುಡಿಯೋಕೆ ಹೋದಳು, ರಿದ್ವಾನ್ ಎಲ್ಲೋ ಹೋದ. ಈಗ ಯಾರೂ ನೋಡ್ತಿಲ್ಲ, ನಾಟಕ ಮುಗೀತು. ಆದರೂ ಆ ಕಿರುಬೆರಳು ಬಿಡಲಿಲ್ಲ ಕೊರಾಯ್.

ಮಂಡಿವರೆಗೂ ಹೂತುಹೋಗ್ತಾ ಅವರ ಹತ್ತಿರ ಹೋದೆ. "ಉಂಗುರ ಬಲಗೈಗೆ ಹಾಕ್ಕೋ ಮಗಳೇ, ಸಾಕು ತಮಾಷೆ" ಅಂದೆ. ನೋಡು, ಆಗಲೂ ಮಗಳೇ ಅಂದೆ. ಅವಳು ಉಂಗುರ ಬಿಚ್ಚಿದಳು. ಬಿಚ್ಚಿ ನನ್ನ ಅಂಗೈಲಿಟ್ಟು, ನನ್ನ ಬೆರಳು ಮುಚ್ಚಿದಳು. "ಅಮ್ಮಾ, ಇನ್ನು ಬಲಗೈಗೆ ಹಾಕ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ" ಅಂದಳು. ಅಳ್ತಾ ಅಂದಳು, ಆದರೆ ಅಂದಳು. ತೋಲ್ಗಾ ಕಡೆ ತಿರುಗಿದೆ. "ನಾನು ಬೇಕಂತ ಮಾಡ್ಲಿಲ್ಲ ಅಮ್ಮಾ. ಟಿಕೆಟ್ ಅಂಗಡೀಲಿ ಹೆಂಡತಿ ಅಂತ ಬಾಯಿಂದ ಬಂದಾಗಲೇ ನನ್ನ ಮನಸ್ಸು ನನಗೇ ಗೊತ್ತಾಗಿದ್ದು" ಅಂದ. ಅದು ಬಿಟ್ಟರೆ ಬೇರೆ ಏನೂ ನಡೆದಿಲ್ಲ ಅಂತ ಸತ್ತ ಅಪ್ಪನ ಮೇಲೆ ಆಣೆ ಹಾಕಿದ. ನಂಬ್ತೀನಿ. ನಂಬಿದ್ರೂ ಉರಿ ಕಮ್ಮಿ ಆಗಲಿಲ್ಲ. ಅವನ ಕೆನ್ನೆಗೆ ಬಾರಿಸೋಣ ಅಂತ ಕೈ ಎತ್ತಿದೆ, ಅಷ್ಟರಲ್ಲಿ ರಿದ್ವಾನ್ ಓಡಿ ಬಂದು "ಅತ್ತೆಮ್ಮ, ಹಾಗೇ ಇರಿ, ಒಂದು ಫೋಟೋ!" ಅಂದ. ಎತ್ತಿದ ಕೈಯನ್ನ ಮಗನ ಹೆಗಲ ಮೇಲಿಟ್ಟು ಫೋಟೋ ತೆಗೆಸಿಕೊಂಡೆ. ಆ ಫೋಟೋ ಕೇಳಬೇಡ, ನಾನು ಕಳಿಸಲ್ಲ.

ವಾಪಸ್ ಬರೋ ದಾರಿ ನನ್ನ ವೈರಿಗೂ ಬೇಡ. ಅದೇ ಸೀಟು, ಅದೇ ಜೋಡಿ. ಮಿಠಾಯಿ ಅಂಗಡಿ ಮುಂದೆ ನಿಲ್ಲಿಸಿದಾಗ ಆ ಅಂಗಡಿಯೋನು ಹೊಸ ಜೋಡಿಗೆ ಅಂತ ಚೆಸ್ಟ್‌ನಟ್ ಮಿಠಾಯಿ ಡಬ್ಬಿ ಕೊಟ್ಟ. ತುಪ್ಪಳದೋಳು ನನ್ನ ಕೈ ಹಿಡ್ಕೊಂಡು "ಪುಣ್ಯವಂತೆ ನೀವು, ಇಂಥ ಸೊಸೆ ಸಿಗಬೇಕಲ್ಲ, ಮುಂದಿನ ವರ್ಷ ಮೊಮ್ಮಗನನ್ನ ಕರ್ಕೊಂಡು ಬನ್ನಿ" ಅಂತ ಹರಸಿದಳು. ನಿಮ್ಮ ಬಾಯಿಗೆ ಸಕ್ಕರೆ ಹಾಕ ಅಂದೆ. ಏನನ್ನಲಿ ಮತ್ತೆ? ನಿನ್ನ ಉಂಗುರ ಕೈಚೀಲದ ತಳದಲ್ಲಿತ್ತು, ಅವಳ ಹಾರೈಕೆ ನಿನ್ನ ತಮ್ಮನಿಗೆ ಹೋಗ್ತಿತ್ತು. ಕಿಟಕಿ ಕಡೆ ಮುಖ ಮಾಡಿ ಅತ್ತೆ ಕಣೋ, ಬಸ್ಸೆಲ್ಲ ಅದನ್ನ ಸಂತೋಷ ಅಂದ್ಕೊಂಡಿತು.

ಮನೆ ಬಾಗಿಲು ಹಾಕಿದ ತಕ್ಷಣ ಬಾಕಿ ಉಳಿಸಿಕೊಂಡ ಏಟು ಕೊಟ್ಟೆ. ಒಂದಲ್ಲ. ಕೈ ಎತ್ತಿ ತಡೆಯಲಿಲ್ಲ ಕತ್ತೆ, ನಿಂತೇ ಇದ್ದ, ಅದಕ್ಕೆ ಇನ್ನೂ ಕೋಪ ಬಂತು. ಅಣ್ಣ ಗಡಿಯಲ್ಲಿ ಹೆಪ್ಪುಗಟ್ಟುತ್ತಿರೋವಾಗ ಅವನ ತಟ್ಟೆಗೇ ಕೈ ಹಾಕಿದೆಯಲ್ಲೋ ಅಂದೆ. ಬಟ್ಟೆ ಗಂಟು ಕಟ್ಟಿ ಹೊರಗೆಸೆದೆ. ಈಗ ತಾನು ಕೆಲಸ ಮಾಡೋ ಫೋನ್ ರಿಪೇರಿ ಅಂಗಡಿಯಲ್ಲೇ ಮಲಗ್ತಾನಂತೆ. ಯೆಲಿಜ್ ಅಪ್ಪ ಅಮ್ಮ ಎರಡು ಸಲ ಬಂದು ಬಾಗಿಲು ತಟ್ಟಿದರು, ನಾನು ತೆಗೀಲಿಲ್ಲ. ನಿನಗಿಂತ ಅವನಲ್ಲಿ ಅವಳು ಏನು ಕಂಡಳೋ ನನಗಂತೂ ಗೊತ್ತಾಗಲ್ಲ. ನೀನು ನೆಟ್ಟಗಿನೋನು, ದುಡಿಯೋನು. ಅವನು ಇನ್ನೂ ಮೊಟ್ಟೆ ಬೇಯಿಸೋಕೆ ನೀರು ಎಷ್ಟಿಡಬೇಕು ಅಂತ ನನ್ನನ್ನ ಕೇಳೋನು.

ನೀನು ಧೈರ್ಯಗೆಡಬೇಡ. ಬಂದೂಕು ಕೈಯಲ್ಲಿರೋ ಕೆಲಸ ನಿನ್ನದು, ಕೈ ನಡುಗಬಾರದು, ಮನಸ್ಸು ಎಲ್ಲೋ ಹೋಗಬಾರದು. ರಾತ್ರಿ ಕಾವಲಿಗೆ ಹೋಗೋ ಮುಂಚೆ ಬಿಸಿ ಏನಾದರೂ ಕುಡಿ. ಜೊತೆಗಿರೋ ಹುಡುಗರಲ್ಲಿ ಒಬ್ಬನಿಗಾದರೂ ಹೇಳ್ಕೊಂಡು ಅತ್ತುಬಿಡು, ಗಂಡಸು ಅಳಬಾರದು ಅಂತ ಹೇಳೋರ ಮಾತು ಕೇಳಬೇಡ. ನಿನ್ನನ್ನ ದೇವರ ಕೈಲಿಟ್ಟಿದ್ದೀನಿ. ನಿನ್ನ ಎರಡೂ ಕಣ್ಣಿಗೆ ಮುತ್ತು.

ನಿನ್ನ ಅಮ್ಮ,
ಸಬಿಹಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಈಗ ತಾನೇ ತೋಲ್ಗಾ ಬಂದಿದ್ದ, ಒಳಗೆ ಕಾಲಿಡಲಿಲ್ಲ. ಬರೋ ವಾರ ಗುರುವಾರ ಪುರಸಭೆಯಲ್ಲಿ ಅವರ ನಿಕಾಹ್, ಹುಡುಗಿ ಮನೆಯೋರೂ ಬರಲ್ಲ ಅಂದಿದ್ದಾರೆ. "ನೀನೂ ಬರದಿದ್ರೆ ನಮಗೆ ಯಾರೂ ಇಲ್ಲ ಅಮ್ಮಾ" ಅಂದ. ಬಾಗಿಲು ಮುಖಕ್ಕೆ ಹಾಕಿದೆ. ಹಾಕಿ ಒಳಗೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ನಾನು ಹೋಗ್ತೀನಿ ಕೊರಾಯ್. ಹಸಿರು ಉಡುಪು ಇಸ್ತ್ರಿ ಮಾಡಿಟ್ಟಿದ್ದೀನಿ. ಆ ಗುರುವಾರ ಮನೆಗೆ ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ಹೋಗೋಕಾಗಲ್ಲ.