ಮೊಳದುದ್ದ ವೈರಿನ ವೇಗ

3 ಜೂನ್ 2001, ಭಾನುವಾರ, ಸಂಜೆ

ಸ್ವಸ್ತಿ ಶ್ರೀ! ಸಮಸ್ತ ತಂತಿಮಂಡಲಾಧೀಶ್ವರ, ಕೀರಲುಧ್ವನಿ ಚಕ್ರವರ್ತಿ, ಎಂಗೇಜ್‌ಟೋನ್ ಮರ್ದನ, ಅಬಿಡ್ಸ್ ಪೇಟೆಯಲ್ಲಿ ಸೆಕೆಂಡ್‌ಹ್ಯಾಂಡಾಗಿ ದೊರೆತು ನಾಚಾರಂನ ನಮ್ಮ ಮನೆಯಲ್ಲಿ ಪಟ್ಟಕ್ಕೇರಿದ ಶ್ರೀಮನ್ ಮೋಡೆಮ್ ಮಹಾರಾಜರ ಸನ್ನಿಧಿಗೆ ದಾಸಿ ರಶ್ಮಿಯ ಸಾಷ್ಟಾಂಗ ನಮಸ್ಕಾರ. ತಮ್ಮ ಕೀರ್ತಿಯನ್ನು ಇಂದು ಎರಡೂವರೆ ಪಟ್ಟು ಹೆಚ್ಚಿಸಿದ್ದೇನೆ. ಶಾಸನ ಹಾಕಿಸುವುದು ಬೇಡ.

ನಡೆದದ್ದಿಷ್ಟು. ಮೋಡೆಮ್ ಡಬ್ಬಿ ಫೋನ್ ಲೈನ್ ಹಿಡಿದು ಇಂಟರ್ನೆಟ್ ಹತ್ತಿದಾಗ ಪರದೆಯ ಮೂಲೆಯಲ್ಲಿ ವೇಗದ ಅಂಕಿ ಬರುತ್ತದೆ. ನಮ್ಮದು ದಿನಾ 46,000. ಸೆಟ್ಟಿಂಗಿನಲ್ಲಿ ಎರಡಕ್ಷರದ ಆಜ್ಞೆ ಬರೆದೆ. ಈಗ 1,15,200! ಅದು ಫೋನ್ ಲೈನಿನ ವೇಗವೇ ಅಲ್ಲ. ಕಂಪ್ಯೂಟರಿನಿಂದ ಮೋಡೆಮಿನವರೆಗಿನ ಮೊಳದುದ್ದ ವೈರಿನ ವೇಗ. ಮೇಜಿನ ಮೇಲೆ ಹುಟ್ಟಿ ಮೇಜಿನ ಮೇಲೇ ಸಾಯುವಂಥದ್ದು.

ಅಕ್ಕ ನೋಡಿ ಕುರ್ಚಿಯಿಂದ ಎದ್ದೇಬಿಟ್ಟಳು. "ಏ ರಶ್ಮಿ, ಲೈನ್‌ಮ್ಯಾನ್ ಏನ್ ಮಾಡಿ ಹೋಗ್ಯಾನ? ಲಕ್ಷ ದಾಟೇತಿ!"

"ಪುಣ್ಯವಂತರ ಮನಿಗೆ ಹಂಗ ಬರತೈತಿ, ಅಕ್ಕಾ," ಅಂದೆ, ಕೈ ಮುಗಿದು.

ನಾಳೆ ಹೇಳಿದರಾಯಿತು.

5 ಜೂನ್, ಮಂಗಳವಾರ

ಹೇಳಲಿಲ್ಲ. ಕೆಟ್ಟಿತು.

ಅಕ್ಕ ಸುಮಂಗಲಾ ಶಾಲೆ ಟೀಚರ್. ರಜೆಯಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿತಳು — ಅಮೆರಿಕದ ಡಾಕ್ಟರು ಮಾತಾಡಿದ್ದನ್ನು ಕೇಳಿ, ಟೈಪ್ ಮಾಡಿ, ಕಳಿಸುವ ಕೆಲಸ. ಇವತ್ತು ಆ ಕೆಲಸ ಕೊಡುವ ಕಂಪನಿಯಿಂದ ಕೃಪಾ ಮೇಡಂ ಫೋನ್. ಲೈನ್ ಸ್ಪೀಡ್ ಎಷ್ಟು? ಅಕ್ಕ ಎದೆಯುಬ್ಬಿಸಿ ಲಕ್ಷದ ಅಂಕಿ ಓದಿದಳು. ಹಾಗಾದರೆ ತುರ್ತು ಫೈಲುಗಳನ್ನೇ ಕೊಡುತ್ತಾರಂತೆ. ಪೂರ್ತಿ ದಿನದ ಕೆಲಸ. ಫೈಲು ಬಂದ ಮುಕ್ಕಾಲು ಗಂಟೆಯಲ್ಲಿ ವಾಪಸ್ ಹೋಗಬೇಕು. ಎರಡು ಸಲ ತಡವಾದರೆ ಖಲಾಸ್.

ಅಕ್ಕ ಶಾಲೆಗೆ ರಾಜೀನಾಮೆ ಬರೆದಿದ್ದಾಳೆ. 12ಕ್ಕೆ ಶಾಲೆ ತೆರೆದ ದಿನವೇ ಕೊಡುವುದಂತೆ. ಕವರು ದೇವರ ಮುಂದಿದೆ. ಅವ್ವ ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದಾಳೆ!

 



6 ಜೂನ್

ಸೆಟ್ಟಿಂಗ್ ತೆಗೆದುಬಿಡಲೇ? ನಾಳೆ ಮತ್ತೆ 46,000 ಕಂಡರೆ "ಯಾರು ಮುಟ್ಟಿದ್ರು?" ಅಂತ ಕೇಳುತ್ತಾಳೆ. ಈ ಮನೆಯಲ್ಲಿ ಇನ್ನಾರಿದ್ದಾರೆ? ಅವ್ವ ಮೌಸಿಗೆ ಅರಿಶಿನ ಹಚ್ಚುವುದು ಬಿಟ್ಟರೆ ಬೇರೇನೂ ಮಾಡಿದವಳಲ್ಲ.

ಫೋನ್ ಗಂಟೆ ಹೊಡೆದರೆ ಅಕ್ಕನಿಗಿಂತ ಮೊದಲು ನಾನೇ ಓಡುತ್ತೇನೆ.

9 ಜೂನ್, ಶನಿವಾರ, ಬೆಳಿಗ್ಗೆ 7.30

ಪರೀಕ್ಷೆಗೆಂದು ಮೊದಲ ಫೈಲು ಬಂತು. ಎರಡು ಎಂಬಿ. ಅಕ್ಕನ ಲೆಕ್ಕ — ಲಕ್ಷದ ವೇಗ, ಅಂದರೆ ಇಪ್ಪತ್ತು ಸೆಕೆಂಡು.

ಗಡಿಯಾರ ನೋಡುತ್ತ ಹಿಂದೆ ನಿಂತೆ. ಒಂದು ನಿಮಿಷ. ಐದು. ಹತ್ತು. ಹದಿನಾರು! ಸೆಕೆಂಡಿಗೆ ಎರಡೇ ಎರಡು ಕೆಬಿ. ಆಮೇಲೆ ಅರ್ಧ ಗಂಟೆ ಟೈಪಿಂಗ್. ಕಳಿಸುವ ಹೊತ್ತಿಗೆ ಗಡುವು ಮೀರಿತ್ತು. ತಡ ಒಂದು ಸಲ ಆಯಿತು. ಇನ್ನು ಉಳಿದದ್ದು ಒಂದೇ.

"ತೋರಸೂದು ಲಕ್ಷ, ಬರೂದು ಹನಿ ಹನಿ. ಯಾಕ ಹಿಂಗ?"

"ಅಮೆರಿಕದಾಗ ಟ್ರಾಫಿಕ್ ಜಾಮ್ ಇರಬೇಕು," ಅಂದೆ. ಅಕ್ಕ ನಗಲಿಲ್ಲ.

11 ಜೂನ್, ಸೋಮವಾರ

ಬೆಳಿಗ್ಗೆ ಕವರು ನಾಳೆಗೆಂದು ದೇವರ ಮುಂದಿನಿಂದ ಎದ್ದು ಅಕ್ಕನ ಪರ್ಸಿಗೆ ಹೋಯಿತು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ವೈರು, ಎರಡಕ್ಷರ, ಎಲ್ಲಾ. ನಿಜವಾದ 46,000 ಕೂಡ ಬಿಟ್ಟಿನ ಲೆಕ್ಕ, ಫೈಲು ಬೈಟಿನ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟು ಅಂತಲೂ ಹೇಳಿದೆ. ಸೆಕೆಂಡಿಗೆ ಐದು ಚಿಲ್ಲರೆ ಕೆಬಿ ಬಂದರೆ ಹೆಚ್ಚು. ಲೈನಿನ ಗರಗರ ಕಳೆದು ಕೈಗೆ ಸಿಗುವುದು ಅದಕ್ಕೂ ಕಡಿಮೆ.

ಅವ್ವನಿಗೆ ಥಟ್ಟನೆ ತಿಳಿಯಿತು. "ನಮ್ಮ ನಳ ಇದ್ದಂಗ ಅನ್ನು. ಬಾಯಿ ಅಗಲ, ನೀರು ನೂಲಿನ ಎಳಿ."

ಅಕ್ಕ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಎಂಟು ದಿನ ನಾ ಕುಣದಾಡಿದ್ದ ಕುಣದಾಡಿದ್ದು... ನೀ ನೋಡ್ಕೋತ ನಿಂತಿದ್ದಿ, ಹೌದಲ್ಲ?"

ಕೃಪಾ ಮೇಡಂಗೆ ಫೋನ್ ಮಾಡಿ, ಈ ಲೈನಿಗೆ ಆಗುವುದಿಲ್ಲ ಎಂದಳು. ನಾಳೆ ಸಂಜೆ ಐದರವರೆಗೆ ಜಾಗ ಇಟ್ಟಿರುತ್ತಾರಂತೆ, ಮನಸ್ಸು ಬದಲಾದರೆ. ರಾಜೀನಾಮೆ ಹರಿದು ಹಾಕಿದಳು. ಕುಂಕುಮವಿದ್ದ ಮೂಲೆಯನ್ನು ಮಾತ್ರ ಹಾಗೇ ದೇವರ ಮುಂದಿಟ್ಟಳು.

12 ಜೂನ್, ಮಂಗಳವಾರ, ಸಂಜೆ 4.20

ಅಕ್ಕ ಶಾಲೆಗೆ ಹೋಗಿದ್ದಾಳೆ. ಶನಿವಾರದ ಫೈಲನ್ನೇ ಮತ್ತೆ ಇಳಿಸಿದೆ. ಏಳೂವರೆ ನಿಮಿಷ. ಏಳೂವರೆ! ಟೈಪಿಂಗ್ ಅರ್ಧ ಗಂಟೆ ಸೇರಿದರೂ ಮುಕ್ಕಾಲು ಗಂಟೆಗೆ ಏಳು ನಿಮಿಷ ಉಳಿಯುತ್ತದೆ. ಅಕ್ಕ ಗೆಲ್ಲುತ್ತಿದ್ದಳು.

ಮಹಾರಾಜರೇ, ದಾಸಿಯದು ಸಣ್ಣದೊಂದು ಅರಿಕೆ. ಶನಿವಾರ ಆ ಫೈಲಿನ ಜೊತೆಗೆ ಇನ್ನೊಂದು ಇಳಿಯುತ್ತಿತ್ತು. ನನ್ನ ಸಿನಿಮಾ ಹಾಡು. ಅಕ್ಕನಿಗೆ ಕಾಣದಂತೆ ಪರದೆಯ ಮೇಲಿನ ಅದರ ಕಿಟಕಿ ಕುಗ್ಗಿಸಿ ಇಟ್ಟಿದ್ದೆ. ಅರ್ಧ ವೇಗವನ್ನು ಅದೇ ನುಂಗಿತು. ನಿನ್ನೆ ಒಂದು ತಪ್ಪು ಒಪ್ಪಿಕೊಳ್ಳುವಷ್ಟೇ ಧೈರ್ಯ ಇತ್ತು.

ಗೇಟು ಸದ್ದಾಯಿತು. ಅಕ್ಕನ ಚಪ್ಪಲಿ. ಐದಕ್ಕೆ ಇನ್ನೂ ಹೊತ್ತಿದೆ, ಹೇಳಬಹುದು... ಹೇಳಿದರೆ "ನಿನಗ ಯಾವಾಗ ಗೊತ್ತಾತು?" ಅಂತ ಮೊದಲು ಅದನ್ನೇ ಕೇಳುತ್ತಾಳೆ. ಇವತ್ತು ಅನ್ನೋಣ ಅಂತಿದ್ದೆ. ಆದರೆ ಶನಿವಾರ, ಗಡಿಯಾರ ನೋಡುತ್ತ ನಿಂತಿದ್ದಾಗ, ಹಾಡೇ ವೇಗ ನುಂಗುತ್ತಿದೆ ಅಂತ ಐದನೇ ನಿಮಿಷಕ್ಕೇ ನನಗೆ ಗೊತ್ತಿ—